ಏಳನೆಯ ಸಹಿ

ಹೋದ ತಿಂಗಳು ಸಂಬಂಧಿಕರ ಮನೆಯ ಕಾರ್ಯಕ್ಕೆಂದು ಇಳಕಲ್ಲಿಗೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಸುಮ್ಮನೆ ಕೂರಲಾರದೆ ನೇಕಾರರ ಓಣಿಯ ಕಡೆಗೆ ನಡೆದೆ. ಮಗ್ಗಗಳ ಸದ್ದು ಮೊದಲಿನಷ್ಟಿಲ್ಲ. ಆದರೆ ಒಂದು ಮನೆಯ ಮುಂದೆ ಬೀದಿಯುದ್ದಕ್ಕೂ ನೂಲು ಎಳೆದು ಕಟ್ಟಿ ಇಬ್ಬರು ಗಂಜಿ ಹಚ್ಚುತ್ತಿದ್ದರು. ಆ ಗಂಜಿಯ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಪ್ಪತ್ತು ದಾಟಿದ ಮುದುಕ ಎಂಬುದೇ ಮರೆತುಹೋಯಿತು. ಕರಿಕೋಟು ಇನ್ನೂ ಹೊಸದಾಗಿದ್ದ, ಕಾಯ್ದೆಯೆಲ್ಲ ನನ್ನ ತಲೆಯಲ್ಲಿದೆ ಎಂದು ನಂಬಿದ್ದ ಇಪ್ಪತ್ತೈದರ ಹುಡುಗನಾಗಿ ಆ ಓಣಿಯಲ್ಲಿ ನಿಂತೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬಾದಾಮಿಯವನಾದ ನಾನು ಧಾರವಾಡದಲ್ಲಿ ಕಾನೂನು ಓದಿ ಮುಗಿಸಿ ಹುನಗುಂದದ ಪಾಟೀಲ ವಕೀಲರ ಕೈಕೆಳಗೆ ಸೇರಿಕೊಂಡಿದ್ದೆ. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಆಸ್ತಿಯ ವಾಟಣಿ, ಇವೇ ನಮ್ಮ ಕೆಲಸ. ಆ ವರ್ಷ ಹಿಂಗಾರಿ ಮಳೆ ಹದವಾಗಿ ಬಿದ್ದು, ಎರೆಹೊಲಗಳಲ್ಲಿ ಬಿಳಿಜೋಳ ಆಳೆತ್ತರ ನಿಂತಿತ್ತು. ಮುಂಜಾನೆ ಎಂಥ ಚಳಿಯೆಂದರೆ ಕಚೇರಿಯ ಟೈಪ್‌ರೈಟರಿನ ಕೀಲಿಗಳು ಬೆರಳಿಗೆ ಚುಚ್ಚುತ್ತಿದ್ದವು. ಅಂಥ ಒಂದು ಮುಂಜಾನೆ ಇಳಕಲ್ಲಿನಿಂದ ಶಾಂತವ್ವ ಬಂದಳು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ತಾನೇ ಮಗ್ಗಕ್ಕಿಳಿದು ಸೀರೆ ನೇಯುತ್ತಿದ್ದವಳು. ಜೊತೆಗೆ ಹತ್ತು ವರ್ಷದ ಮಗಳು ನೀಲಾ. ನಾನು ಟೈಪ್ ಮಾಡುತ್ತಿದ್ದೆ. ಹುಡುಗಿ ನೇರ ಬಂದು ಮೇಜಿನ ಮೇಲೆ ಅಂಗೈ ಊರಿದಳು. ಕೀಲಿ ಬಡಿದಾಗಲೆಲ್ಲ ಮೇಜು ನಡುಗುತ್ತಿತ್ತು. ಆ ನಡುಕವನ್ನು ಅಂಗೈಯಲ್ಲಿ ಹಿಡಿದು ಅವಳು ನಕ್ಕಳು.

"ಆಕಿಗೆ ಕಿವಿ ಕೇಳಂಗಿಲ್ರಿ," ಎಂದಳು ಶಾಂತವ್ವ. "ಮಾತೂ ಬರಂಗಿಲ್ಲ."

ವಿಷಯ ಹೀಗಿತ್ತು. ಮಗಳನ್ನು ಯಾವ ಸಾಲಿಯೂ ಸೇರಿಸಿಕೊಳ್ಳದಿದ್ದಾಗ, ನಾಲ್ಕನೆಯ ಇಯತ್ತೆ ಓದಿದ್ದ ಶಾಂತವ್ವ ತಾನೇ ಮಗ್ಗದ ಪಕ್ಕ ಕೂರಿಸಿಕೊಂಡು ಅಕ್ಷರ ಕಲಿಸಿದಳು. ಇದನ್ನು ನೋಡಿ ಓಣಿಯವರೊಬ್ಬರು ಕಿವಿ ಕೇಳದ ತಮ್ಮ ಮಗನನ್ನು ತಂದು ಬಿಟ್ಟರು. ಆಮೇಲೆ ಅಮೀನಗಡದಿಂದ ಒಬ್ಬಳು, ಕೂಡಲಸಂಗಮದ ಕಡೆಯಿಂದ ಇಬ್ಬರು ಬಂದರು. ಈಗ ಹದಿಮೂರು ಮಕ್ಕಳಾಗಿದ್ದರು. ಶಿಕ್ಷಣ ಇಲಾಖೆಯವರನ್ನು ಕೇಳಿದರೆ, ಸಾಲಿಗೆ ಮಾನ್ಯತೆ ಬೇಕಾದರೆ ಮೊದಲು ಒಂದು ಸಂಸ್ಥೆ ನೋಂದಣಿ ಆಗಬೇಕು, ಹೆಂಗಸೊಬ್ಬಳ ಹೆಸರಿಗೆ ಸಾಲಿ ಕೊಡಲು ಬರುವುದಿಲ್ಲ ಎಂದಿದ್ದರು.

"ಆ ನೋಂದಣಿ ಮಾಡಿಕೊಡ್ರಿ ಸಾಹೇಬ್ರ," ಎಂದಳು, ಅಂಗಡಿಯಲ್ಲಿ ಉಪ್ಪು ಕೇಳಿದಷ್ಟು ಸರಳವಾಗಿ.

ಪಾಟೀಲರು ಕನ್ನಡಕ ತೆಗೆದಿಟ್ಟರು. ಎಂಥ ಹಳ್ಳಿಗರಿಗೂ ಕಾಯ್ದೆಯನ್ನು ಬಿಡಿಸಿ ಹೇಳುವ ಗುಣ ಅವರದು. "ಅದಕ್ಕ ಮೂರು ದಾರಿ ಅದಾವು, ತಂಗಿ. ಒಂದು ಟ್ರಸ್ಟ್. ಒಂದು ಸಂಘ. ಇನ್ನೊಂದು ಕಂಪನಿ."

"ಕಂಪನಿ ಬ್ಯಾಡ್ರಿ ಸಾಹೇಬ್ರ," ಎಂದಳು ಶಾಂತವ್ವ ಗಾಬರಿಯಾಗಿ. "ನಾಟಕ ಆಡಾಕ ನಮಗೆಲ್ಲಿ ಬರತೈತಿ?"

ನಾನು ನಕ್ಕೆ. ಪಾಟೀಲರು ನಗಲಿಲ್ಲ. ಲಾಭ ಹಂಚಿಕೊಳ್ಳದ ಕಂಪನಿಯೂ ಇರುತ್ತದೆ, ಆದರೆ ಅದರ ಕಾಗದಪತ್ರ ದೊಡ್ಡವರಿಗೇ ಸಂಭಾಳಿಸಲು ಆಗುವುದಿಲ್ಲ, ಅದು ನಿಮಗೆ ಬೇಡವೇ ಬೇಡ ಎಂದರು. ನೂಲಿನ ಅಡತಿ ವ್ಯಾಪಾರದ ಗುರುಸಂಗಪ್ಪ ಸಾವಕಾರರು ಸಾಲಿಗೆ ಎರಡು ಎಕರೆ ಹೊಲ ಕೊಟ್ಟು, ಕಟ್ಟಡವನ್ನೂ ಕಟ್ಟಿಸಿಕೊಡುವ ಮನಸ್ಸು ಮಾಡಿದ್ದು ಊರಿಗೆಲ್ಲ ಗೊತ್ತಿತ್ತು. ಹಾಗಿರುವಾಗ ಟ್ರಸ್ಟೇ ಸುಲಭ. ಪತ್ರ ಬರೆದು ಹುನಗುಂದದ ನೋಂದಣಿ ಕಚೇರಿಗೆ ಹೋದರೆ ಒಂದೇ ದಿನದ ಕೆಲಸ. ಸಂಘವಾದರೆ ಏಳು ಮಂದಿ ಬೇಕು, ಬೈಲಾ ಬೇಕು, ಜಿಲ್ಲಾ ಕಚೇರಿಗೆಂದು ವಿಜಾಪುರದವರೆಗೆ ಹೋಗಬೇಕು. ಬಾಗಲಕೋಟೆ ಆಗ ಜಿಲ್ಲೆಯಾಗಿರಲಿಲ್ಲ. "ಮತ್ತ ವರ್ಷಾ ಸಭಾ ಕರೀಬೇಕು, ಅಲ್ಲಿ ಜಗಳಾ ಬ್ಯಾರೆ," ಎಂದರು ಪಾಟೀಲರು.

ಟ್ರಸ್ಟಿನ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹನ್ನೊಂದು ಪುಟ, ಇಂಗ್ಲಿಷಿನಲ್ಲಿ, ಒಂದು ಅಕ್ಷರವೂ ತಪ್ಪಿರದಂತೆ ಟೈಪ್ ಮಾಡಿದೆ. ಸಾವಕಾರರು ಜೀವ ಇರುವವರೆಗೆ ಮುಖ್ಯ ಟ್ರಸ್ಟಿ, ಅವರ ನಂತರ ಅವರ ಹಿರಿಯ ಮಗ. ಉಳಿದ ಮೂವರನ್ನು ಅವರೇ ನೇಮಿಸತಕ್ಕದ್ದು. ಶಾಂತವ್ವ ಸಾಲಿಯ ಮೇಲ್ವಿಚಾರಕಿ. ಸಾವಕಾರರು ಕೆಟ್ಟವರಲ್ಲ. ಅವರ ತಂಗಿಗೂ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲವಂತೆ. ಸಣ್ಣವಳಿದ್ದಾಗಲೇ ಹಿಂದಿನಿಂದ ಬಂದ ಬಂಡಿಗೆ ಸಿಕ್ಕಿ ತೀರಿಕೊಂಡಿದ್ದಳಂತೆ. ಕೊಡುವುದನ್ನು ಮನಸ್ಸಿನಿಂದಲೇ ಕೊಡುತ್ತಿದ್ದರು. ಕೊಟ್ಟದ್ದು ತಮ್ಮ ಕಣ್ಣೆದುರೇ ಇರಬೇಕು, ಅಷ್ಟೇ.

ಪತ್ರ ಓದಿ ಹೇಳಲು ನಾನೇ ಇಳಕಲ್ಲಿಗೆ ಹೋದೆ. ಓಣಿಯ ತುಂಬ ಗಂಜಿಯ ವಾಸನೆ, ಮನೆಮನೆಯಿಂದ ಮಗ್ಗದ ಸದ್ದು. ಆ ಸದ್ದಿನ ನಡುವೆ ಒಂದು ತಗಡಿನ ಷೆಡ್ಡಿನಲ್ಲಿ ಹದಿಮೂರು ಮಕ್ಕಳು ಸದ್ದೇ ಇಲ್ಲದೆ ಗದ್ದಲ ಮಾಡುತ್ತಿದ್ದರು. ಅಂಥದ್ದನ್ನು ನಾನು ಕಂಡಿರಲಿಲ್ಲ. ಕೈಗಳು ಹಾರುತ್ತಿದ್ದವು, ಹುಬ್ಬುಗಳು ಜಗಳವಾಡುತ್ತಿದ್ದವು, ಒಬ್ಬ ಹುಡುಗ ಯಾರನ್ನೋ ಅಣಕಿಸಿ ಉಳಿದವರನ್ನೆಲ್ಲ ನೆಲಕ್ಕೆ ಬಿದ್ದು ನಗುವಂತೆ ಮಾಡುತ್ತಿದ್ದ. ಶಾಂತವ್ವ ಮಗ್ಗದಲ್ಲಿ ಕೂತಲ್ಲಿಂದಲೇ, ಲಾಳಿ ಬಿಟ್ಟ ಕೈಯಲ್ಲಿ ಅವರಿಗೆ ಏನೇನೋ ಹೇಳುತ್ತಿದ್ದಳು. ಗೋಡೆಯ ಮೇಲೆ ಸುಣ್ಣದಲ್ಲಿ ಅಕ್ಷರಗಳು. ಮೂಲೆಯಲ್ಲಿ ಒಬ್ಬ ಗಟ್ಟಿಮುಟ್ಟಾದ ಯುವಕ, ಕಲ್ಲುಧೂಳು ಮೆತ್ತಿದ ತಲೆಯವನು, ಪಾಟಿಯ ಮೇಲೆ ನಾಲಿಗೆ ಕಚ್ಚಿ ತನ್ನ ಹೆಸರು ಬರೆಯುತ್ತಿದ್ದ.

"ಅಂವ ಯಮನಪ್ಪ. ಕಲ್ಲಿನ ಗಣಿಯಾಗ ಕೆಲಸಾ ಮಾಡ್ತಾನ. ಇಪ್ಪತ್ಮೂರು ವರ್ಷ ಹೆಸರಿಲ್ದಂಗ ಬದುಕಿದ್ದ," ಎಂದಳು ಶಾಂತವ್ವ. "ಮಂದಿ ಮೂಗಾ ಅಂತಿದ್ರು. ಅದೂ ಅಂವಗ ಕೇಳಿದ್ದಿಲ್ಲ. ಹೋದ ದೀಪಾವಳಿಗಿ ಗೊತ್ತಾತು, ತನಗೊಂದು ಹೆಸರೈತಿ ಅಂತ."

ನಾನು ಪತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವಳು ಪ್ರತಿ ಪುಟಕ್ಕೂ ತಲೆಯಾಡಿಸಿದಳು. ಕೊನೆಗೆ, "ವಿಚಾರ ಮಾಡ್ತೇನಿ, ತಮ್ಮಾ," ಎಂದಳು. ಇದರಲ್ಲಿ ವಿಚಾರ ಮಾಡುವುದೇನಿದೆ ಎಂದು ನನಗೆ ಬೇಸರವೇ ಆಯಿತು.

ಎಳ್ಳಮಾಸಿಗೆ, ಎಂದರೆ ಎಳ್ಳು ಅಮಾವಾಸ್ಯೆಗೆ, ಸಾವಕಾರರು ಎಲ್ಲರನ್ನೂ ಹೊಲಕ್ಕೆ ಕರೆದರು. ಮಕ್ಕಳು, ಅವರ ತಂದೆತಾಯಿಗಳು, ಪಾಟೀಲರು, ನಾನು. ರಾಮಥಾಳದ ಕಡೆ ಹೋಗುವ ದಾರಿಯ ಪಕ್ಕದ ಕರಿ ಎರೆಹೊಲ. ಬೆಳೆಯ ನಡುವೆ ಭೂಮಿತಾಯಿಗೆ ಚರಗ ಚೆಲ್ಲಿ ಬಂದು, ಬನ್ನಿಗಿಡದ ಕೆಳಗೆ ಸಜ್ಜೆರೊಟ್ಟಿ, ಬದನೆಕಾಯಿ ಪಲ್ಯ, ಎಳ್ಳು ಹೋಳಿಗೆಯ ಊಟವಾಯಿತು. ಮೂಡಣಗಾಳಿಗೆ ಜೋಳದ ತೆನೆಗಳೆಲ್ಲ ಒಮ್ಮೆಗೇ ಬಾಗಿ ಏಳುತ್ತಿದ್ದವು. ಸಾವಕಾರರು ಎದ್ದು ನಿಂತು ಕೈಚಾಚಿ ತೋರಿಸಿದರು: ಆ ಬದುವಿನಿಂದ ಈ ಬದುವಿನವರೆಗೆ ಸಾಲಿ, ಅಲ್ಲಿ ಬಾವಿ, ಅಲ್ಲಿ ಮಕ್ಕಳು ಇರುವ ಕೋಣೆಗಳು. ತಗಡಿನ ಷೆಡ್ಡಿನಲ್ಲಿ ಮಕ್ಕಳನ್ನು ಬಿಟ್ಟು ಹೋಗುವ ತಾಯಂದಿರ ಕಣ್ಣು ತುಂಬಿದವು. ನನ್ನ ಕಣ್ಣೂ ತುಂಬಿತು, ಸುಳ್ಳೇಕೆ ಹೇಳಲಿ.

ಆಗ ಶಾಂತವ್ವ ಸೆರಗು ಹೊದ್ದು ಎದ್ದು ನಿಂತಳು.

"ಸಾವಕಾರ್ರ, ನಿಮ್ಮ ಮನಸ್ಸು ದೊಡ್ಡದು. ಒಂದು ಮಾತು ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ." ಆಮೇಲೆ ಪಾಟೀಲರತ್ತ ತಿರುಗಿದಳು. "ಸಾಹೇಬ್ರ, ಟ್ರಸ್ಟ್ ಅಂದ್ರ ಏನು, ಇನ್ನೊಮ್ಮಿ ಹೇಳ್ರಿ."

"ಒಬ್ಬಾಂವ ಆಸ್ತಿ ಕೊಡ್ತಾನ, ತಂಗಿ. ನಾಕು ಮಂದಿ ಅದನ್ನ ಮತ್ತೊಬ್ಬರ ಸಲುವಾಗಿ ಕಾಯ್ತಾರ."

"ಆ ಮತ್ತೊಬ್ಬರು ಅಂದ್ರ ಈ ಹುಡುಗೂರು."

"ಹೌದು."

"ಇವರು ದೊಡ್ಡವರಾದ ಮ್ಯಾಲೆ ಆ ಕಾಯೂವರನ್ನ ಕೇಳಬಹುದೇನ್ರಿ? ಇದು ಹಿಂಗ ಬ್ಯಾಡ, ಹಂಗ ಮಾಡ್ರಿ ಅಂತ? ನೀವು ಸಾಕು ಇಳೀರಿ, ನಾವು ನೋಡಿಕೊಳ್ತೇವಿ ಅಂತ?"

ಪಾಟೀಲರು ಮಕ್ಕಳತ್ತ ನೋಡಿದರು. "ಟ್ರಸ್ಟಿನಾಗ ಅವರಿಗೆ ಉಪಯೋಗ ಸಿಗತೈತಿ, ತಂಗಿ. ಮಾತು ಇರೂದಿಲ್ಲ."

"ಅವಕ್ಕ ಮೊದಲ ಮಾತಿಲ್ರಿ ಸಾಹೇಬ್ರ," ಎಂದಳು ಶಾಂತವ್ವ. ದನಿ ಏರಿಸಲಿಲ್ಲ. "ಕಾಗದದಾಗೂ ಮಾತಿಲ್ಲಂತ ನಾವ ಬರದು ಕೊಡೂದೇನ್ರಿ?"

ಮೂರು ವರ್ಷ ಕಾಯ್ದೆ ಓದಿದವನು ನಾನು. ಹನ್ನೊಂದು ಪುಟ ಬರೆದವನು ನಾನು. ಆ ಪುಟಗಳಲ್ಲಿ ಈ ಮಕ್ಕಳು ಎಂದಾದರೂ ಬೆಳೆದು ದೊಡ್ಡವರಾಗುತ್ತಾರೆ ಎಂಬ ಒಂದು ಸಾಲೂ ಇರಲಿಲ್ಲ. ನನಗೆ ಹೊಳೆದೇ ಇರಲಿಲ್ಲ. ನಾಲ್ಕನೆಯ ಇಯತ್ತೆ ಓದಿದ ಆ ಹೆಣ್ಣುಮಗಳು ಆಳೆತ್ತರದ ಜೋಳದ ಮುಂದೆ ನಿಂತು ಹದಿಮೂರು ಮಕ್ಕಳನ್ನು ಹದಿಮೂರು ಯಜಮಾನರಾಗಿ ಕಾಣುತ್ತಿದ್ದಳು. ಅವಳತ್ತ ತಲೆಯೆತ್ತಿ ನೋಡಲು ನನಗೆ ಅಂಜಿಕೆಯಾಯಿತು. ಅದು ದೊಡ್ಡದೊಂದರ ಹತ್ತಿರ ನಿಂತಾಗ ಆಗುವ ಅಂಜಿಕೆ.

"ಸಂಘದಾಗ ಮಾತು ಇರತೈತೇನ್ರಿ?" ಎಂದು ಕೇಳಿದಳು.

"ಇರತೈತಿ. ಹದಿನೆಂಟು ತುಂಬಿದ ಮ್ಯಾಲೆ ಸದಸ್ಯರಾದ್ರ ಪ್ರತಿಯೊಬ್ಬರಿಗೂ ಒಂದು ಮತ," ಎಂದರು ಪಾಟೀಲರು. "ಆದ್ರ ತಂಗಿ, ನಾಳೆ ಅವರು ನಿನ್ನನ್ನ ತಗದ್ರ, ನೀನೂ ಇಳೀಬೇಕಾಗತೈತಿ. ಅದನ್ನೂ ತಿಳ್ಕೊ."

"ಇಳೀತೇನಿ ಬಿಡ್ರಿ," ಎಂದಳು.

ಸಾವಕಾರರ ಮುಖ ಕೆಂಪಗಾಗಿತ್ತು. "ಏಳು ಮಂದಿ ಕೂಡಿದ್ರ ಏಳು ಜಗಳಾ, ಶಾಂತವ್ವ. ಹೊಲಾ ನಂದು, ಆದ್ರ ಹುಡುಗೂರು ಬಂದು ನನ್ನ ಮಗಗ ಇಳಿ ಅನ್ನಬೇಕು, ಹೌದಿಲ್ಲೊ? ಹಂಗಾದ್ರ ಸಂಘಾನ ಮಾಡಿಕೋರಿ. ಹೊಲದ ಮಾತು ಇಲ್ಲಿಗಿ ಮುಗೀತು." ರುಮಾಲು ಸರಿಪಡಿಸಿಕೊಂಡು ಬದುವಿನ ಮೇಲೆ ನಡೆದುಹೋದರು. ಇನ್ನೂ ಅರ್ಧ ಊಟದಲ್ಲಿದ್ದ ಮಕ್ಕಳು, ಕೈ ಯಾರದೂ ಅಲುಗಾಡದಿರುವುದನ್ನು ಕಂಡು, ಏನೋ ದೊಡ್ಡದು ನಡೆದಿದೆ ಎಂದು ನಮ್ಮ ಮುಖ ನೋಡುತ್ತಿದ್ದರು.

ಆ ದಿನ ಸಂಜೆ ಇಳಕಲ್ಲಿಗೆ ಮರಳುವಾಗ ಇಬ್ಬರು ತಾಯಂದಿರು ಶಾಂತವ್ವಳ ಜೊತೆ ಮಾತಾಡಲಿಲ್ಲ. ಕೈಗೆ ಬಂದ ಕಟ್ಟಡವನ್ನು ಕಳೆದಳಲ್ಲ ಎಂಬ ಸಿಟ್ಟು. ಅದು ತಪ್ಪೆಂದು ಹೇಳುವಂತಿರಲಿಲ್ಲ. ಶಾಂತವ್ವ ದಾರಿಯುದ್ದಕ್ಕೂ ನೀಲಾಳ ಕೈ ಹಿಡಿದು ನಡೆದಳು. ಒಮ್ಮೆ ಮಾತ್ರ, "ತಪ್ಪು ಮಾಡಿದ್ನೇನು, ತಮ್ಮಾ?" ಎಂದು ಕೇಳಿದಳು.

ಬೈಲಾ ಬರೆಯಲು ಮೂರು ವಾರ ಹಿಡಿಯಿತು. ಈ ಸಲ ಕನ್ನಡದಲ್ಲಿ ಬರೆದೆ, ಷೆಡ್ಡಿನಲ್ಲೇ ಕೂತು, ಒಂದೊಂದು ಕಲಮನ್ನೂ ಅವಳಿಗೆ ಓದಿ ಹೇಳುತ್ತ. ಸಂಘ ಮುಚ್ಚಿದರೆ ಉಳಿದ ಸಾಮಾನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಇಂಥದೇ ಇನ್ನೊಂದು ಸಂಘಕ್ಕೆ ಹೋಗಬೇಕು ಎಂದು ಓದಿದಾಗ ಅವಳು ಮಗ್ಗ ನಿಲ್ಲಿಸಿದಳು. "ಕಾಯ್ದೆ ಮಾಡಿದವರು ಶಾಣ್ಯಾರದಾರ," ಎಂದು ಮೆಚ್ಚಿಕೊಂಡಳು. ಸದಸ್ಯತ್ವದ ಕಲಮಿನಲ್ಲಿ, ಕಿವಿ ಕೇಳದವರಿಗೆ ಉಳಿದವರಷ್ಟೇ ಹಕ್ಕು ಎಂದು ಅವಳೇ ಹೇಳಿ ಬರೆಸಿದಳು. ಸಭೆಯಲ್ಲಿ ಮತ ಹಾಕುವುದು ಕೂಗಿ ಅಲ್ಲ, ಕೈಯೆತ್ತಿ ಎಂಬುದೂ ಅವಳದೇ.

ಕಷ್ಟವಾದದ್ದು ಏಳು ಮಂದಿ. ಶಾಂತವ್ವ, ಮಕ್ಕಳ ತಂದೆತಾಯಿಗಳಲ್ಲಿ ನಾಲ್ವರು, ಊರಿನ ಸಾಲಿಯ ನಿವೃತ್ತ ಮಾಸ್ತರರೊಬ್ಬರು. ಆರಾಯಿತು. ಏಳನೆಯವನಾಗಿ ಒಪ್ಪಿದ್ದ ನೇಕಾರ, ನಾವು ವಿಜಾಪುರಕ್ಕೆ ಹೊರಡುವ ಹಿಂದಿನ ದಿನ ಬಂದು, ನನಗೆ ನೂಲು ಕೊಡುವವರು ಸಾವಕಾರರು, ನನ್ನ ಬಿಟ್ಟುಬಿಡ್ರಿ ಎಂದು ಕೈಮುಗಿದು ಹೋದ. ಷೆಡ್ಡಿನಲ್ಲಿ ಎಲ್ಲರೂ ತಲೆ ಕೆಳಗೆ ಹಾಕಿ ಕೂತರು. ಯಮನಪ್ಪ ಏನೆಂದು ಕೈಯಲ್ಲಿ ಕೇಳಿದ. ಶಾಂತವ್ವ ತೋರಿಸಿದಳು: ಆರು ಬೆರಳು, ಒಂದು ಖಾಲಿ. ಯಮನಪ್ಪ ತನ್ನ ಎದೆಯನ್ನು ತಟ್ಟಿಕೊಂಡ.

ಹುನಗುಂದಕ್ಕೆ ಓಡಿಹೋಗಿ ಪಾಟೀಲರನ್ನು ಕೇಳಿದೆ. ಅವರು ಪುಸ್ತಕವನ್ನೂ ತೆರೆಯಲಿಲ್ಲ. "ಕಿವಿ ಕೇಳಬೇಕು ಅಂತ ಕಾಯ್ದೆದಾಗ ಎಲ್ಲೂ ಬರದಿಲ್ಲೋ. ತಿಳುವಳಿಕಿ ಇರಬೇಕು ಅಂತ ಐತಿ. ಕರಕೊಂಡು ಹೋಗು."

ನಸುಕಿನ ಬಸ್ಸಿಗೆ ವಿಜಾಪುರಕ್ಕೆ ಹೊರಟೆವು: ಶಾಂತವ್ವ, ನೀಲಾ, ಯಮನಪ್ಪ, ನಾನು. ಉಳಿದವರು ಮೊದಲೇ ಸಹಿ ಮಾಡಿದ್ದರು. ಯಮನಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಕುತ್ತಿಗೆಯ ಮಡಿಕೆಗಳಲ್ಲಿ ಮಾತ್ರ ಕೆಂಪುಕಲ್ಲಿನ ಧೂಳು ಹೋಗಿರಲಿಲ್ಲ. ದಾರಿಯುದ್ದಕ್ಕೂ ಬೆರಳಿನಿಂದ ತೊಡೆಯ ಮೇಲೆ ತನ್ನ ಹೆಸರು ಬರೆದು ಬರೆದು ನೋಡಿಕೊಳ್ಳುತ್ತಿದ್ದ.

ಕಚೇರಿಯ ಅಧಿಕಾರಿ ನಡುವಯಸ್ಸಿನವರು, ಕಾಗದ ಓದದೆ ಮೊಹರು ಒತ್ತುವವರಲ್ಲ. ಬೈಲಾ ಪೂರ್ತಿ ಓದಿದರು. ಯಮನಪ್ಪನನ್ನು ನೋಡಿದರು. "ಈ ಮನುಷ್ಯಾ ಏನಕ್ಕ ಸಹಿ ಮಾಡಾಕ ಬಂದಾನ ಅಂತ ಅವಗ ತಿಳದೈತೇನ್ರಿ? ತಿಳೀದಿದ್ರ ನಾ ತಗೊಳಾಕ ಬರೂದಿಲ್ಲ. ನಾಳೆ ಯಾರರ ಅವಗ ಮೋಸಾ ಮಾಡಿದ್ರು ಅಂದ್ರ?" ಅವರು ಕೇಳಿದ್ದು ನ್ಯಾಯವೇ ಆಗಿತ್ತು. ನಾನು ಕಾಯ್ದೆಯ ಕಲಮು ಹೇಳತೊಡಗಿದೆ. ಅವರು ಕೈಯೆತ್ತಿ ತಡೆದರು. "ನೀವಲ್ರಿ. ಅಂವ ಹೇಳ್ಲಿ."

ಶಾಂತವ್ವ ಯಮನಪ್ಪನಿಗೆ ಒಂದೇ ಒಂದು ಸನ್ನೆ ಮಾಡಿದಳು, ಕೈ ತಿರುಗಿಸಿ, ಹೇಳು ಎಂಬಂತೆ. ಆಮೇಲೆ ಸೆರಗಿನೊಳಗೆ ಎರಡೂ ಕೈ ಮುಚ್ಚಿಕೊಂಡು ನಿಂತಳು, ತಾನು ಹೇಳಿಕೊಟ್ಟೆ ಎಂದು ಯಾರೂ ಅನ್ನಬಾರದೆಂದು.

ಯಮನಪ್ಪ ಮೇಜಿನ ಮುಂದೆ ಬಂದ. ಏಳು ಬೆರಳು ಎತ್ತಿದ. ಒಂದೊಂದನ್ನೇ ತೋರಿಸಿ ಒಬ್ಬೊಬ್ಬರನ್ನು ಮಾಡಿದ: ಲಾಳಿ ಎಸೆಯುವವಳು, ಕನ್ನಡಕದ ಮಾಸ್ತರ, ಮೀಸೆಯವನು, ಬಳೆಗಳವಳು. ಕೊನೆಯ ಬೆರಳಿಗೆ ಕಲ್ಲು ಒಡೆದು ತನ್ನನ್ನು ತೋರಿಸಿಕೊಂಡ. ಏಳನ್ನೂ ಒಟ್ಟುಗೂಡಿಸಿ ಗಟ್ಟಿಯಾಗಿ ಒಂದು ಮುಷ್ಟಿ ಕಟ್ಟಿ ಮೇಜು ಗುದ್ದಿದ. ಆಮೇಲೆ ಕಣ್ಣು ಮುಚ್ಚಿ, ಕತ್ತು ವಾಲಿಸಿ, ಹಿಡಿಮಣ್ಣು ಹಾಕಿದಂತೆ ಮಾಡಿದ. ತಾನು ಸತ್ತೆ ಎಂದು. ಮುಷ್ಟಿಯಿಂದ ಒಂದು ಬೆರಳು ಹೊರಗೆ ತೆಗೆದ. ಆದರೆ ಮುಷ್ಟಿ ಬಿಚ್ಚಲಿಲ್ಲ. ಅಲುಗಾಡಿಸಿ ತೋರಿಸಿದ: ಇದೆ, ಇನ್ನೂ ಇದೆ. ನೀಲಾಳತ್ತ ತಿರುಗಿದ. ಅವಳ ತಲೆಯ ಎತ್ತರಕ್ಕೆ ಕೈಯಿಟ್ಟು, ಆ ಕೈಯನ್ನು ಮೆಲ್ಲಗೆ ತನ್ನ ಭುಜದವರೆಗೆ ಏರಿಸಿದ. ಖಾಲಿಯಾದ ಜಾಗಕ್ಕೆ ಒಂದು ಬೆರಳನ್ನು ತೂರಿಸಿದ. ಮತ್ತೆ ಏಳು. ಇನ್ನೊಮ್ಮೆ ಮೇಜು ಗುದ್ದಿದ.

ಆ ಗುದ್ದು ನನ್ನ ಎದೆಗೇ ಬಡಿಯಿತು. ಸದಸ್ಯರು ಸತ್ತರೂ ಸಂಘ ಸಾಯುವುದಿಲ್ಲ ಎಂಬುದನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದು ಎಷ್ಟು ದೊಡ್ಡ ಮಾತು ಎಂದು ಆವತ್ತು, ಒಂದು ಮಾತೂ ಕೇಳದವನ ಕೈಯಿಂದ ತಿಳಿಯಿತು. ಗುಮಾಸ್ತರೆಲ್ಲ ಕೆಲಸ ಬಿಟ್ಟು ನಿಂತಿದ್ದರು. ಅಧಿಕಾರಿ ಎದ್ದು ತಮ್ಮ ಜೇಬಿನ ಪೆನ್ನು ತೆಗೆದು ಯಮನಪ್ಪನ ಕೈಗೆ ಕೊಟ್ಟರು. ಅವನು ಉಸಿರು ಬಿಗಿಹಿಡಿದು, ಕಲ್ಲಿಗೆ ಉಳಿ ಹಚ್ಚುವಷ್ಟು ಎಚ್ಚರದಿಂದ, ನಾಲ್ಕಕ್ಷರ ಕೆತ್ತಿದಂತೆ ಬರೆದ.

ಹೊಲ ಸಿಗಲಿಲ್ಲ. ಸಾಲಿ ಆರು ವರ್ಷ ಅದೇ ತಗಡಿನ ಕೆಳಗೆ ನಡೆಯಿತು; ಬೇಸಿಗೆಯಲ್ಲಿ ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸುತ್ತಿದ್ದರು. ಎರಡು ಕೋಣೆಯ ಸರಕಾರಿ ಕಟ್ಟಡ ಬಂದದ್ದು ಆಮೇಲೆ. ಸಾವಕಾರರು ಹೇಳಿದ ಹಾಗೆ ಸಭೆಗಳಲ್ಲಿ ಜಗಳವೂ ಆದವು. ನಾನು ಬಾಗಲಕೋಟೆಯಲ್ಲಿ ವಕೀಲಿ ಹೂಡಿದ್ದರೂ ವರ್ಷಕ್ಕೊಮ್ಮೆ ಸಭೆಗೆ ಹೋಗುತ್ತಿದ್ದೆ.

ಮಾನ್ಯತೆಯ ಜೊತೆ ತರಬೇತಾದ ಶಿಕ್ಷಕರು ಬಂದರು. ಕೈಸನ್ನೆ ಮಾಡಿದರೆ ಮಕ್ಕಳು ಎಂದೂ ಮಾತು ಕಲಿಯುವುದಿಲ್ಲ, ತುಟಿ ನೋಡಿಯೇ ತಿಳಿಯಬೇಕು, ಬಾಯಿಂದಲೇ ಹೇಳಬೇಕು ಎಂದು ಅವರು ಕಲಿತು ಬಂದಿದ್ದರು. ಆ ಕಾಲದ ಪದ್ಧತಿ ಹಾಗೆ. ಶಾಂತವ್ವ ಒಪ್ಪಿದಳು. ನೀಲಾ ಒಂದು ಸಲ, ಒಂದೇ ಸಲ, 'ಅವ್ವಾ' ಅನ್ನಲಿ ಎಂಬ ಆಸೆ ಅವಳೊಳಗೆ ಮೊದಲಿನಿಂದಲೂ ಇತ್ತು. ಸಾಲಿಯಲ್ಲಿ ಕೈಗಳು ನಿಂತವು. ಮಗ್ಗದಲ್ಲಿ ಕೂತು ಕೈಯಲ್ಲೇ ಲೋಕ ಕಟ್ಟುತ್ತಿದ್ದ ಶಾಂತವ್ವ, ಮಾದರಿಯಾಗಿರಬೇಕೆಂದು ತಾನೂ ಕೈ ಕಟ್ಟಿಕೊಂಡಳು. ಮಕ್ಕಳು ಮರೆಯಲ್ಲಿ, ಗೋಡೆಯ ಹಿಂದೆ, ಕದ್ದು ಮಾತಾಡತೊಡಗಿದರು.

ಎಂಬತ್ತರ ದಶಕದ ಕೊನೆಯ ಒಂದು ಸಭೆ. ಮೊದಲ ಮಕ್ಕಳಲ್ಲಿ ಒಂಬತ್ತು ಮಂದಿಗೆ ಹದಿನೆಂಟು ದಾಟಿತ್ತು, ಎಲ್ಲರೂ ಸದಸ್ಯರಾಗಿದ್ದರು; ಆಮೇಲೆ ಸೇರಿದ ಕೆಲವು ತಂದೆತಾಯಿಗಳೂ ಇದ್ದರು. ನೀಲಾಳೂ ಇದ್ದಳು, ಇಳಕಲ್ ಸೀರೆ ಉಟ್ಟು, ತಾಯಿಯ ಹಾಗೇ ಸೆರಗು ಹೊದ್ದು. ಅಧ್ಯಕ್ಷರ ಆಯ್ಕೆ ಬಂದಾಗ ಮಾಸ್ತರರು ರೂಢಿಯಂತೆ ಶಾಂತವ್ವಳ ಹೆಸರು ಹೇಳಿದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ಯಮನಪ್ಪನನ್ನು ತೋರಿಸಿದ. ಯಮನಪ್ಪ ಮುಂದೆ ಬಂದು ಒಂದು ಚೀಟಿ ಕೊಟ್ಟ. ನಾನು ಗಟ್ಟಿಯಾಗಿ ಓದಿದೆ: "ಸಾಲ್ಯಾಗ ನಮ್ಮ ಕೈಗೆ ಮಾತಾಡಾಕ ಬಿಡಬೇಕು."

ಶಾಂತವ್ವ ಅಧ್ಯಕ್ಷರ ಕುರ್ಚಿಯಲ್ಲಿದ್ದಳು; ಎಣಿಸುವ ಕೆಲಸ ಅವಳದೇ. ತನ್ನ ಹೆಸರಿಗೆ ಎದ್ದ ಕೈಗಳನ್ನು ಎಣಿಸಿದಳು, ಎಂಟು. ಯಮನಪ್ಪನ ಹೆಸರಿಗೆ ಕೈಗಳು ಎದ್ದವು. ಬೆರಳು ನೀಡಿ ಒಂದೊಂದನ್ನೇ ಎಣಿಸುತ್ತ ಬಂದವಳು ಕಿಟಕಿಯ ಪಕ್ಕದ ಒಂದು ಕೈಯ ಹತ್ತಿರ ನಿಂತಳು. ಅದು ನೀಲಾಳ ಕೈ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಆದರೆ ಕೈ ಇಳಿಯಲಿಲ್ಲ. ಶಾಂತವ್ವ ಅದನ್ನೂ ಎಣಿಸಿ ಮುಂದೆ ಹೋದಳು. ಹದಿನಾಲ್ಕು.

ಮಾಸ್ತರರು ಏನೋ ಹೇಳಲು ಬಾಯಿ ತೆರೆದರು. ಶಾಂತವ್ವ ತಡೆದಳು. ಕುರ್ಚಿಯಿಂದ ಎದ್ದು, ಆ ಯುವಕ ಯುವತಿಯರ ಎದುರು ನಿಂತಳು. ಬಾಯಿ ತೆರೆಯಲಿಲ್ಲ. ಎಷ್ಟೋ ವರ್ಷ ಸೆರಗಿನೊಳಗೆ ಕಟ್ಟಿಟ್ಟಿದ್ದ ಎರಡೂ ಕೈಗಳನ್ನು ಹೊರಗೆ ತೆಗೆದಳು. ಮರೆತಿದ್ದಾಳೋ ಏನೋ ಎಂದು ನಾನು ಅಂದುಕೊಂಡೆ. ಮರೆತಿರಲಿಲ್ಲ. ಕಲ್ಲು ಒಡೆಯುವವನನ್ನು ತೋರಿಸಿ ಗೆದ್ದ ಎಂದಳು, ತನ್ನನ್ನು ತೋರಿಸಿಕೊಂಡು ಇಳಿದೆ ಎಂದಳು. ಆಮೇಲೆ ಖಾಲಿ ಕುರ್ಚಿಯನ್ನು ಯಮನಪ್ಪನ ಕಡೆಗೆ ಎಳೆದಿಟ್ಟು, ಹಿಂದಿನ ಸಾಲಿಗೆ ನಡೆದು ಮಗಳ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು.